ಗಿರಣಿಯ ಬಾಗಿಲಿಗೆ ಸ್ವಾಧೀನ ನೋಟಿಸ್ ಅಂಟಿಸಿದ್ದಾರೆ: ಬ್ಯಾಂಕನ್ನು ತಡೆಯಬಲ್ಲ ನ್ಯಾಯಾಲಯ ಯಾವುದು?

ಪ್ರಶ್ನೆ: ಗಂಗಾವತಿ ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ಅಕ್ಕಿ ಗಿರಣಿ ಇದೆ. ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ ಮತ್ತು ಯಂತ್ರೋಪಕರಣ ಸಾಲ ಸೇರಿ 62 ಲಕ್ಷ ರೂಪಾಯಿ ಬಾಕಿ ತೋರಿಸುತ್ತಿದ್ದಾರೆ. ಗಿರಣಿ, ವಾಸದ ಮನೆ ಮತ್ತು ಮೂರು ಎಕರೆ ಗದ್ದೆ ಅಡಮಾನದಲ್ಲಿವೆ. ಖಾತೆಯನ್ನು ಎನ್‌ಪಿಎ (ವಸೂಲಾಗದ ಸಾಲ) ಎಂದು ಘೋಷಿಸಿ, ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 13(2)ರಡಿ ಬಾಕಿ ಕಟ್ಟಿ ಎಂಬ ನೋಟಿಸ್ ಕಳಿಸಿದರು. ದಂಡಬಡ್ಡಿಯನ್ನು ಅಸಲಿಗೆ ಸೇರಿಸಿದ್ದಾರೆ, ಸಣ್ಣ ಉದ್ದಿಮೆಗಳಿಗಿರುವ ಪುನಶ್ಚೇತನ ಕ್ರಮವನ್ನು ಪಾಲಿಸಿಲ್ಲ ಎಂದು ರಿಜಿಸ್ಟರ್ ಅಂಚೆಯಲ್ಲಿ ಆಕ್ಷೇಪಣೆ ಕಳಿಸಿದೆ, ಉತ್ತರ ಬರಲಿಲ್ಲ. ಹನ್ನೆರಡು ದಿನಗಳ ಹಿಂದೆ ಗಿರಣಿಯ ಬಾಗಿಲಿಗೆ ಸ್ವಾಧೀನ ನೋಟಿಸ್ ಅಂಟಿಸಿ ಹೋಗಿದ್ದಾರೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತರೋಣ ಎಂದು ಒಬ್ಬ ವಕೀಲರು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮ ಮುರಿದಿರುವುದರಿಂದ ಬ್ಯಾಂಕಿನ ಅಧಿಕಾರಿಗಳ ಮೇಲೆ ಕ್ರಿಮಿನಲ್ ಕೇಸು ಹಾಕಬಹುದೇ? ಇವುಗಳಲ್ಲಿ ಯಾವ ದಾರಿ ಸರಿ?

ಉತ್ತರ: ಇಬ್ಬರು ವಕೀಲರು ಹೇಳಿದ ಎರಡು ದಾರಿಗಳೂ ನಿಮ್ಮ ಸದ್ಯದ ಸ್ಥಿತಿಗೆ ಹೊಂದುವುದಿಲ್ಲ. ನೀವು ಹೋಗಬೇಕಾದುದು ಬೆಂಗಳೂರಿನಲ್ಲಿರುವ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಡಿಆರ್‌ಟಿ ಎನ್ನುವ ಕಚೇರಿಗೆ. ಸರ್ಫೇಸಿ ಕಾಯ್ದೆಯ 17ನೇ ಕಲಮಿನಡಿ ಅಲ್ಲಿ ಅರ್ಜಿ ಸಲ್ಲಿಸಲು ಬ್ಯಾಂಕ್ ಕ್ರಮ ಕೈಗೊಂಡ ದಿನದಿಂದ 45 ದಿನಗಳ ಅವಕಾಶವಿದೆ. ನೀವು ಪತ್ರ ಬರೆದಾಗಲೇ ಅದರಲ್ಲಿ ಹನ್ನೆರಡು ದಿನ ಕಳೆದಿದ್ದವು. ಹೆಸರು ಸಾಲ ವಸೂಲಾತಿಯದ್ದಾದ್ದರಿಂದ ಅದು ಬ್ಯಾಂಕಿನ ಕಡೆಯ ಕಚೇರಿ ಎಂದು ಅನೇಕ ಸಾಲಗಾರರು ಹಿಂಜರಿಯುತ್ತಾರೆ. ಆದರೆ ಅಡಮಾನದ ಆಸ್ತಿಯ ಮೇಲೆ ಬ್ಯಾಂಕ್ ಕಾನೂನು ಮೀರಿ ಕೈ ಹಾಕಿದಾಗ ಅದನ್ನು ತಡೆಯುವ, ವಶಪಡಿಸಿಕೊಂಡ ಆಸ್ತಿಯನ್ನು ಮರಳಿ ಕೊಡಿಸುವ ಅಧಿಕಾರವನ್ನು ಸಂಸತ್ತು ಇಟ್ಟಿರುವುದು ಅಲ್ಲಿಯೇ.

ಬ್ಯಾಂಕ್ ತಪ್ಪು ಮಾಡಿದೆ ಎಂಬ ಒಂದೇ ಮಾತು ಯಾವ ನ್ಯಾಯಾಲಯದಲ್ಲೂ ತಡೆಯಾಜ್ಞೆ ತಂದುಕೊಡುವುದಿಲ್ಲ. ಮುರಿದದ್ದು ಯಾವ ನಿಯಮ, ಆ ನಿಯಮವನ್ನು ಮಾಡಿದವರು ಯಾರು, ಅದರ ಉಲ್ಲಂಘನೆಯನ್ನು ವಿಚಾರಿಸುವ ಅಧಿಕಾರವನ್ನು ಕಾನೂನು ಯಾರಿಗೆ ಕೊಟ್ಟಿದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ನಿಮ್ಮ ದೂರಿನಲ್ಲಿ ಇಂಥ ನಾಲ್ಕೈದು ಬೇರೆ ಬೇರೆ ಉಲ್ಲಂಘನೆಗಳು ಒಟ್ಟಿಗೆ ಸೇರಿಕೊಂಡಿವೆ.

ಸಿವಿಲ್ ಕೋರ್ಟಿನ ಮಾತನ್ನು ಮೊದಲು ಮುಗಿಸೋಣ. ಸರ್ಫೇಸಿ ಕಾಯ್ದೆಯ 34ನೇ ಕಲಮು, ಡಿಆರ್‌ಟಿ ಅಥವಾ ಅದರ ಮೇಲ್ಮನವಿ ಮಂಡಳಿ ತೀರ್ಮಾನಿಸಬಹುದಾದ ಯಾವುದೇ ವಿಷಯದ ದಾವೆಯನ್ನು ಸಿವಿಲ್ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಾರದೆಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಈ ಕಾಯ್ದೆಯಡಿ ಕೈಗೊಂಡ ಅಥವಾ ಕೈಗೊಳ್ಳಲಿರುವ ಕ್ರಮದ ವಿರುದ್ಧ ಯಾವ ನ್ಯಾಯಾಲಯವೂ, ಬೇರೆ ಯಾವ ಪ್ರಾಧಿಕಾರವೂ ತಡೆಯಾಜ್ಞೆ ನೀಡಬಾರದೆಂದೂ ಸೇರಿಸುತ್ತದೆ. ಈ ಎರಡನೆಯ ಭಾಗದಿಂದಾಗಿ, ಸಿವಿಲ್ ಕೋರ್ಟ್ ಆಗದಿದ್ದರೆ ಗ್ರಾಹಕರ ಆಯೋಗದಲ್ಲಾದರೂ ಸ್ವಾಧೀನಕ್ಕೆ ತಡೆ ತರೋಣ ಎಂಬ ಸಲಹೆಯೂ ನಿಲ್ಲುವುದಿಲ್ಲ. 2004ರ ಏಪ್ರಿಲ್ 8ರಂದು ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿದಾಗ ಸಾಲಗಾರರಿಗೆ ಎರಡು ವಿಷಯಗಳಲ್ಲಿ ರಕ್ಷಣೆ ಸಿಕ್ಕಿತು. ಡಿಆರ್‌ಟಿ ಬಾಗಿಲು ತಟ್ಟುವ ಮೊದಲೇ ಬ್ಯಾಂಕ್ ಕೇಳಿದ ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕೆಂಬ ಷರತ್ತು ರದ್ದಾಯಿತು. ಬ್ಯಾಂಕಿನ ನಡೆಯೇ ವಂಚನೆಯಿಂದ ಕೂಡಿದ್ದರೆ, ಅಥವಾ ಅದರ ಹಕ್ಕುಸಾಧನೆ ವಿಚಾರಣೆಯ ಅಗತ್ಯವೇ ಇಲ್ಲದಷ್ಟು ಅಸಂಬದ್ಧವಾಗಿದ್ದರೆ, ಸೀಮಿತ ಮಟ್ಟಿಗೆ ಸಿವಿಲ್ ಕೋರ್ಟಿಗೆ ಹೋಗಬಹುದೆಂಬ ಕಿಂಡಿಯೂ ಉಳಿಯಿತು.

ಆ ಕಿಂಡಿ ಬಹಳ ಚಿಕ್ಕದು. ವಾದಪತ್ರದಲ್ಲಿ ವಂಚನೆ ಎಂಬ ಶಬ್ದ ಬರೆದ ಮಾತ್ರಕ್ಕೆ ಸಿವಿಲ್ ಕೋರ್ಟಿಗೆ ಅಧಿಕಾರ ಬರುವುದಿಲ್ಲ, ಯಾರು ಯಾವಾಗ ಹೇಗೆ ವಂಚಿಸಿದರು ಎಂಬ ವಿವರ ಬೇಕು ಎಂದು 2021ರಲ್ಲಿ ಎಲೆಕ್ಟ್ರೋಸ್ಟೀಲ್ ಕಾಸ್ಟಿಂಗ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಿಮ್ಮ ಪತ್ರದಲ್ಲಿ ಅಂಥ ವಿವರ ಯಾವುದೂ ಇಲ್ಲ. ಸಹಿ ನಿಮ್ಮದೇ, ಸಾಲ ಪಡೆದದ್ದು ನಿಜ, ಅಡಮಾನವೂ ನಿಜ. ತಕರಾರು ಇರುವುದು ಲೆಕ್ಕ ಮತ್ತು ವಿಧಾನದ ಬಗ್ಗೆ. ಅಡಮಾನ ಇಟ್ಟವನಿಗೆ ಆ ಆಸ್ತಿಯ ಮೇಲೆ ಹಕ್ಕೇ ಇರಲಿಲ್ಲ, ಆತನ ಕ್ರಯಪತ್ರವೇ ಸಿಂಧುವಲ್ಲ ಎಂದು ಮೂರನೆಯವರೊಬ್ಬರು ಹೇಳುವಂತಿದ್ದರೆ ಮಾತು ಬೇರೆ. ಹಕ್ಕಿನ ಆ ಪ್ರಶ್ನೆಯನ್ನು ತೀರ್ಮಾನಿಸಲು ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂದು 2025ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಕ್ಷಿಯಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾಲಗಾರನೇ ತನ್ನ ಅಣ್ಣತಮ್ಮಂದಿರ ಹೆಸರಿನಲ್ಲಿ ಪಾಲು ವಿಭಾಗದ ದಾವೆ ಹಾಕಿಸಿ ಹರಾಜು ನಿಲ್ಲಿಸುವ ಪರಿಪಾಠ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇದೆಯಷ್ಟೆ. ಇದನ್ನು ನ್ಯಾಯಾಲಯಗಳು ಈಗ ಬೇಗನೆ ಗುರುತಿಸುತ್ತವೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಆ ದಾವೆ ತಿರಸ್ಕೃತವಾಗುವ ಹೊತ್ತಿಗೆ ನಿಮ್ಮ 45 ದಿನಗಳು ಮುಗಿದಿರುತ್ತವೆ.

ಇನ್ನು ಡಿಆರ್‌ಟಿ. ಬೀಗ ಹಾಕಿಲ್ಲ, ಗಿರಣಿ ಇನ್ನೂ ನಡೆಯುತ್ತಿದೆ, ಬರೀ ಕಾಗದ ಅಂಟಿಸಿ ಹೋಗಿದ್ದಾರೆ, ಹಾಗಾಗಿ ಈಗಲೇ ಹೋಗಲು ಬರುತ್ತದೆಯೇ ಎಂಬ ಅನುಮಾನ ಬೇಡ. ಇಂಥ ಸಾಂಕೇತಿಕ ಸ್ವಾಧೀನವೂ ಕಾಯ್ದೆಯ 13(4)ರ ಅಡಿಯ ಸ್ವಾಧೀನ ಕ್ರಮವೇ, ಭೌತಿಕ ಸ್ವಾಧೀನ ಆಗುವವರೆಗೆ ಸಾಲಗಾರ ಕಾಯಬೇಕಿಲ್ಲ ಎಂದು 2018ರ ನವೆಂಬರ್ 1ರಂದು ಹಿಂಡನ್ ಫೋರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯಬೇಕಿಲ್ಲ ಎಂದರೆ ಕಾಯಬಾರದು ಎಂದೇ ತಿಳಿಯಿರಿ, ಏಕೆಂದರೆ ಗಡುವು ಆ ಸಾಂಕೇತಿಕ ಕ್ರಮದಿಂದಲೇ ಓಡತೊಡಗುತ್ತದೆ. ಮುಂದೆ ಹರಾಜು ನೋಟಿಸ್ ಬಂದರೆ ಅದು ಬೇರೆಯದೇ ಕ್ರಮವೆಂದು ವಾದಿಸಬಹುದು, ವಿಳಂಬವನ್ನು ಮನ್ನಿಸಿ ಎಂದು ಕೋರಬಹುದು. ಆದರೆ ಸಮಯಕ್ಕೆ ಸರಿಯಾಗಿ ಹೋಗಬಲ್ಲವನು ಆ ವಾದಗಳನ್ನು ನಂಬಿ ಕೂರುವುದು ಜಾಣತನವಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುವುದು ಒಳ್ಳೆಯದು. ಸಾಲಗಾರ ಸಲ್ಲಿಸುವ ಅರ್ಜಿಗೆ, ಬಾಕಿ 10 ಲಕ್ಷ ಮೀರಿದಾಗ 5,000 ರೂಪಾಯಿ, ಅದರ ಮೇಲಿನ ಪ್ರತಿ ಲಕ್ಷಕ್ಕೆ 250 ರೂಪಾಯಿ ಶುಲ್ಕವಿದ್ದು, ಗರಿಷ್ಠ ಮಿತಿ ಒಂದು ಲಕ್ಷ. ನಿಮ್ಮ 62 ಲಕ್ಷಕ್ಕೆ ಅದು 18,000 ರೂಪಾಯಿ ಆಗುತ್ತದೆ. ಇಲ್ಲಿ ಸೋತು ಚೆನ್ನೈಯಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ ಮಾತ್ರ, 18ನೇ ಕಲಮಿನ ಪ್ರಕಾರ ಬಾಕಿಯ ಅರ್ಧದಷ್ಟನ್ನು ಮೊದಲು ಠೇವಣಿ ಇಡಬೇಕು. ಮಂಡಳಿ ಕಾರಣ ದಾಖಲಿಸಿ ಅದನ್ನು ಕಾಲು ಭಾಗದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಲ್ಲ. ಅಂದರೆ ಹದಿನೈದೂವರೆ ಲಕ್ಷ ಕೈಯಲ್ಲಿ ಇಲ್ಲದವನಿಗೆ ಮೇಲ್ಮನವಿ ಹೆಸರಿಗಷ್ಟೇ ಉಂಟು. ಹಾಗಾಗಿ ನಿಮ್ಮ ಎಲ್ಲ ಶ್ರಮ, ಎಲ್ಲ ದಾಖಲೆ ಮೊದಲ ಅರ್ಜಿಗೇ ಸಲ್ಲಬೇಕು. ಬ್ಯಾಂಕುಗಳು ಸ್ವಾಧೀನ ನೋಟಿಸ್ ಕೊಟ್ಟ ಬೆನ್ನಲ್ಲೇ ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಮಾಡಬಾರದೆಂಬ ಮುಂಗಡ ಅರ್ಜಿ) ಹಾಕಿಡುವುದು ವಾಡಿಕೆ. ಆದ್ದರಿಂದ ಅರ್ಜಿ ಸಲ್ಲಿಸಿದ ದಿನವೇ ಏಕಪಕ್ಷೀಯ ತಡೆ ಸಿಗುತ್ತದೆಂದು ಎಣಿಸದೆ, ಬ್ಯಾಂಕಿನ ವಕೀಲರ ಎದುರಿನಲ್ಲೇ ವಾದಿಸುವ ತಯಾರಿಯಲ್ಲಿ ಹೋಗಿ.

ನಿಮ್ಮ ಆಕ್ಷೇಪಣೆಗೆ ಉತ್ತರ ಬಾರದಿರುವುದು ಸಣ್ಣ ಲೋಪವಲ್ಲ. ಸಾಲಗಾರ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕ್ ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣಗಳನ್ನು 15 ದಿನಗಳೊಳಗೆ ತಿಳಿಸಬೇಕೆಂದು 13(3ಎ) ಹೇಳುತ್ತದೆ. ಇದು ಕಡ್ಡಾಯವೆಂದು 2018ರಲ್ಲಿ ಬ್ಲೂ ಕೋಸ್ಟ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದೇ ಪ್ರಕರಣದಲ್ಲಿ, ಉತ್ತರ ಕೊಡದಿದ್ದರೂ ಸಾಲ ಕೊಟ್ಟ ಸಂಸ್ಥೆ ಮರುಪಾವತಿಗೆ ಮತ್ತೆ ಮತ್ತೆ ಕಾಲಾವಕಾಶ ನೀಡಿತ್ತು, ಸಾಲಗಾರ ಸಂಸ್ಥೆ ಅದನ್ನು ಬಳಸಿಕೊಂಡಿತ್ತು ಎಂಬ ಕಾರಣಕ್ಕೆ ಕ್ರಮವನ್ನು ರದ್ದುಪಡಿಸಲಿಲ್ಲ. ಆಕ್ಷೇಪಣೆ ಕಳಿಸಿದ ನಂತರ ನೀವು ಬ್ಯಾಂಕಿಗೆ ಹೋಗಿ ಸಮಯ ಕೇಳಿ ಪತ್ರ ಬರೆದುಕೊಟ್ಟಿದ್ದೀರಾ ಎಂಬುದನ್ನು ನಿಮ್ಮ ವಕೀಲರಿಗೆ ಮುಚ್ಚಿಡದೆ ಹೇಳಿ. ಅಂಥ ಪತ್ರವಿದ್ದರೆ ಬ್ಯಾಂಕ್ ಮೊದಲು ತೋರಿಸುವುದು ಅದನ್ನೇ. ಅಂಚೆ ರಸೀದಿ, ಬ್ಯಾಂಕಿನ ಮೊಹರಿರುವ ಸ್ವೀಕೃತಿ ಕಾರ್ಡು ಎರಡೂ ಇದ್ದರೆ ನಿಮ್ಮ ವಾದಕ್ಕೆ ನೆಲೆ ಗಟ್ಟಿಯಾಗುತ್ತದೆ.

ಎರಡನೆಯದು ಸಣ್ಣ ಉದ್ದಿಮೆಯ ವಿಚಾರ. 2015ರ ಮೇ 29ರ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ, ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಯ ಖಾತೆ ಎನ್‌ಪಿಎ ಆಗುವ ಮೊದಲೇ ಸಂಕಷ್ಟದ ಲಕ್ಷಣಗಳನ್ನು ಗುರುತಿಸಿ, ಸಮಿತಿಯ ಮುಂದಿಟ್ಟು, ಪುನಶ್ಚೇತನ ಸಾಧ್ಯವೇ ಎಂದು ನೋಡಬೇಕು. ಇದು ಬ್ಯಾಂಕುಗಳಿಗೆ ಬರೀ ಸಲಹೆಯಲ್ಲ, ಪಾಲಿಸಲೇಬೇಕಾದ ನಿಯಮ ಎಂದು 2024ರ ಆಗಸ್ಟ್ 1ರಂದು ಪ್ರೊ ನಿಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಸುದ್ದಿಯಲ್ಲಿ ಅಷ್ಟಾಗಿ ಬಾರದ ಭಾಗ ಇನ್ನೊಂದಿತ್ತು: ತಾನು ಇಂಥ ಉದ್ದಿಮೆ ಎಂಬುದನ್ನು ದಾಖಲೆ ಸಮೇತ ಬ್ಯಾಂಕಿನ ಗಮನಕ್ಕೆ ತರುವ ಹೊಣೆ ಸಾಲಗಾರನದೂ ಹೌದು, ಸರ್ಫೇಸಿ ಕ್ರಮ ಮುಗಿಯುವವರೆಗೆ ಸುಮ್ಮನಿದ್ದು ಕೊನೆಗೆ ಈ ಗುರಾಣಿ ಹಿಡಿಯಲಾಗದು. ಮರುವರ್ಷ ಎನ್‌ಕೆಜಿಎಸ್‌ಬಿ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಇದಕ್ಕೆ ಇನ್ನಷ್ಟು ಸ್ಪಷ್ಟತೆ ಬಂತು. 13(2) ನೋಟಿಸಿಗೆ ಕೊಡುವ ಉತ್ತರದಲ್ಲಿ ಸಾಲಗಾರ ಕಾರಣಗಳೊಂದಿಗೆ, ಪ್ರಮಾಣಪತ್ರದ ಬೆಂಬಲದೊಂದಿಗೆ ಈ ಸೌಲಭ್ಯ ಕೋರಿದರೆ, ಬ್ಯಾಂಕ್ ಮುಂದಿನ ಕ್ರಮವನ್ನು ತಡೆಹಿಡಿದು ಆ ಕೋರಿಕೆಯನ್ನು ಪರಿಶೀಲಿಸಬೇಕು. ಹಾಗಾದರೆ ನಿಮ್ಮ ಆಕ್ಷೇಪಣೆಯ ಪ್ರತಿಯನ್ನು ತೆಗೆದು ನೋಡಿ: ಉದ್ಯಮ್ (ಸಣ್ಣ ಉದ್ದಿಮೆ) ನೋಂದಣಿಯ ಪ್ರತಿ ಲಗತ್ತಿಸಿದ್ದಿರಾ, ಅಫಿಡವಿಟ್ ಇತ್ತೇ, ಅಥವಾ ಒಂದು ಸಾಲಿನಲ್ಲಿ ಹಾಗೆಯೇ ದೂರಿದ್ದಿರಾ? ಈ ವಿಷಯದಲ್ಲಿ ನಿಮ್ಮ ಗೆಲುವು ಸೋಲು ಆ ಒಂದು ಕಾಗದದ ಮೇಲೆ ನಿಂತಿದೆ.

ದಂಡಬಡ್ಡಿಯ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ, ಆದರೆ ಅದರಿಂದ ಸಿಗುವುದೇನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬ್ಯಾಂಕ್ ಮತ್ತು ಸಾಲಗಾರನ ನಡುವಿನ ವ್ಯವಹಾರವನ್ನು ಬಡ್ಡಿದರ ವಿಪರೀತ ಎಂಬ ಕಾರಣಕ್ಕೆ ಯಾವ ನ್ಯಾಯಾಲಯವೂ ಮತ್ತೆ ತೆರೆಯಬಾರದೆಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ, 1949ರ 21ಎ ಕಲಮು ಹೇಳುತ್ತದೆ. ಬ್ಯಾಂಕಿನ ವಕೀಲರು ಈ ಕಲಮನ್ನು ಓದಿ ಕುಳಿತುಬಿಡುತ್ತಾರೆ. ಅವರಿಗೆ ಉತ್ತರ ಸಿಗುವುದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ. ಕೃಷಿ ಸಾಲದ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದ್ದರ ಬಗ್ಗೆ ಕಾರ್ಪೊರೇಷನ್ ಬ್ಯಾಂಕಿನೊಂದಿಗೆ ಸಾಲಗಾರರೊಬ್ಬರು ನಡೆಸಿದ ಆ ವ್ಯಾಜ್ಯ 1994ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 21ಎ ಇದ್ದರೂ, ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಿದ ಮಟ್ಟಿಗೆ ನ್ಯಾಯಾಲಯ ಪರಿಹಾರ ನೀಡಬಹುದು ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. 2001ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲಿ ಸಂವಿಧಾನ ಪೀಠವು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಬ್ಯಾಂಕುಗಳನ್ನು ಕಟ್ಟಿಹಾಕುತ್ತವೆ ಎಂದಿತಲ್ಲದೆ, ದಂಡಬಡ್ಡಿಯನ್ನು ಅಸಲಿಗೆ ಸೇರಿಸುವಂತಿಲ್ಲ ಎಂದೂ ಹೇಳಿತು. ಅದರ ಮೇಲೆ 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕಿನ ಸುತ್ತೋಲೆ, ತಪ್ಪಿದ ಕಂತಿಗೆ ಹಾಕುವುದು ದಂಡ ಶುಲ್ಕವಾಗಿರಬೇಕೇ ಹೊರತು ಬಡ್ಡಿದರಕ್ಕೆ ಸೇರಿಸುವ ದಂಡಬಡ್ಡಿ ಆಗಿರಬಾರದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದಿದೆ. ಇದು ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಸಾಲಗಳನ್ನು ಅದೇ ವರ್ಷದ ಜೂನ್ ಅಂತ್ಯದೊಳಗೆ ಹೊಸ ಪದ್ಧತಿಗೆ ತರಬೇಕಿತ್ತು.

ಇಷ್ಟೆಲ್ಲ ಇದ್ದರೂ, 62 ಲಕ್ಷದಲ್ಲಿ ನಾಲ್ಕೋ ಐದೋ ಲಕ್ಷ ತಪ್ಪಾಗಿ ಸೇರಿದೆ ಎಂದು ತೋರಿಸಿದ ಮಾತ್ರಕ್ಕೆ ಇಡೀ ಕ್ರಮ ಬಿದ್ದುಹೋಗುವುದಿಲ್ಲ. ತಪ್ಪು ಲೆಕ್ಕ ತೆಗೆದರೆ ಖಾತೆ ಎನ್‌ಪಿಎ ಆಗುತ್ತಲೇ ಇರಲಿಲ್ಲ ಎಂದು ತೋರಿಸಬಲ್ಲಿರಾದರೆ ಮಾತ್ರ ಅದು ಬುಡಕ್ಕೆ ಬಿದ್ದ ಪೆಟ್ಟಾಗುತ್ತದೆ. ಸಿಸಿ ಖಾತೆಯಲ್ಲಿ ಬಾಕಿ ಸತತ 90 ದಿನ ಮಿತಿ ಮೀರಿದ್ದರೆ, ಅಥವಾ 90 ದಿನಗಳಲ್ಲಿ ಜಮೆಯೇ ಆಗದಿದ್ದರೆ, ಅಥವಾ ಆದ ಜಮೆ ಆ ಅವಧಿಯ ಬಡ್ಡಿಗೂ ಸಾಲದಿದ್ದರೆ ಖಾತೆ ಎನ್‌ಪಿಎ ಆಗುತ್ತದೆ. ಈ ಮೂರನೆಯ ಲೆಕ್ಕದಲ್ಲಿ ದಂಡಬಡ್ಡಿ ಸೇರಿಸಿದ್ದರಿಂದಲೇ ಜಮೆ ಸಾಲದಂತೆ ಕಂಡಿತೇ ಎಂಬುದನ್ನು ಒಬ್ಬ ಲೆಕ್ಕಪರಿಶೋಧಕರಿಂದ ದಿನಾಂಕವಾರು ಮಾಡಿಸಿ. ನನ್ನ ಅಭಿಪ್ರಾಯದಲ್ಲಿ ಅರ್ಜಿಯ ಜೊತೆಗಿನ ಎಲ್ಲ ಕಾಗದಗಳಿಗಿಂತ ಬೆಲೆಬಾಳುವುದು ಆ ಲೆಕ್ಕದ ಹಾಳೆ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ನ್ಯಾಯಮಂಡಳಿ ಮಧ್ಯಂತರ ತಡೆ ಕೊಡುವಾಗ ಸಾಮಾನ್ಯವಾಗಿ ಒಂದಿಷ್ಟು ಹಣ ಕಟ್ಟಲು ಹೇಳುತ್ತದೆ. ನಿಮ್ಮ ಪ್ರಕಾರ ನಿಜವಾದ ಬಾಕಿ ಎಷ್ಟು ಎಂದು ಕೇಳಿದಾಗ ಉತ್ತರವಿಲ್ಲದ ಸಾಲಗಾರನ ಮಾತಿಗೆ ಅಲ್ಲಿ ತೂಕ ಉಳಿಯುವುದಿಲ್ಲ.

ಮೂರು ಎಕರೆ ಗದ್ದೆಯ ಬಗ್ಗೆ ನೀವು ಅಡಮಾನದಲ್ಲಿದೆ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಕಂಡಂತೆ ನಿಮ್ಮ ಗಟ್ಟಿಯಾದ ಅಂಶ ಅದೇ. ಕೃಷಿ ಭೂಮಿಯ ಮೇಲಿನ ಭದ್ರತಾ ಹಕ್ಕಿಗೆ ಸರ್ಫೇಸಿ ಕಾಯ್ದೆಯೇ ಅನ್ವಯಿಸುವುದಿಲ್ಲ ಎಂದು ಅದರ 31ನೇ ಕಲಮಿನ ‘ಐ’ ಖಂಡ ಹೇಳುತ್ತದೆ. ಬ್ಯಾಂಕ್ ಆ ಜಮೀನಿನಿಂದ ಸಾಲ ವಸೂಲು ಮಾಡಲಾಗದು ಎಂದು ಇದರರ್ಥವಲ್ಲ; ನ್ಯಾಯಾಲಯವನ್ನೋ ನ್ಯಾಯಮಂಡಳಿಯನ್ನೋ ಕೇಳದೆ ತಾನೇ ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕುವ ಈ ಅಡ್ಡದಾರಿ ಅದಕ್ಕೆ ಇಲ್ಲ, ಅಷ್ಟೆ. ಆದರೆ ಕಂದಾಯ ದಾಖಲೆಯಲ್ಲಿ ಕೃಷಿ ಜಮೀನು ಎಂದು ಬರೆದಿರುವುದು ಒಂದೇ ಸಾಲದು, ಅಲ್ಲಿ ನಿಜಕ್ಕೂ ಬೇಸಾಯ ನಡೆಯುತ್ತಿರಬೇಕು. ಹಾಗೆ ನಡೆಯುತ್ತಿತ್ತು ಎಂದು ರುಜುವಾತು ಮಾಡುವ ಹೊಣೆ ಸಾಲಗಾರನದು ಎಂದೂ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಡಮಾನ ಮಾಡಿದ ವರ್ಷದಿಂದ ಈಚಿನ ಎಲ್ಲ ಪಹಣಿಗಳನ್ನು ತೆಗೆಸಿ, ಬೆಳೆ ಕಾಲಂನಲ್ಲಿ ಭತ್ತ ನಮೂದಾಗಿದೆಯೇ ನೋಡಿ. ಜೊತೆಗೆ ನೀರಾವರಿ ತೆರಿಗೆಯ ರಸೀದಿ, ಬೆಳೆ ವಿಮೆ ಕಟ್ಟಿದ ದಾಖಲೆ, ಬೆಳೆ ಮಾರಿದ ಚೀಟಿ ಏನಿದ್ದರೂ ಸೇರಿಸಿ. ಗಿರಣಿ ನಿಂತಿರುವ ಜಾಗ ಭೂಪರಿವರ್ತನೆ ಆಗಿರುತ್ತದೆ, ಅದಕ್ಕೆ ಈ ರಕ್ಷಣೆ ಸಿಗದು. ಬ್ಯಾಂಕ್ ಮೂರೂ ಆಸ್ತಿಗಳನ್ನು ಒಂದೇ ಸ್ವಾಧೀನ ನೋಟಿಸಿನಲ್ಲಿ ಸೇರಿಸಿದ್ದರೆ, ಗದ್ದೆಯ ಮಟ್ಟಿಗೆ ಆ ನೋಟಿಸ್ ಅಧಿಕಾರವ್ಯಾಪ್ತಿಯನ್ನೇ ಮೀರಿದೆ ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳಿ.

ಬಾಗಿಲಿಗೆ ಅಂಟಿಸಿದ ಆ ಕಾಗದವನ್ನೂ ಒಮ್ಮೆ ಓದಿ. ಸ್ವಾಧೀನ ನೋಟಿಸನ್ನು ಸಾಲಗಾರನಿಗೆ ತಲುಪಿಸಿ, ಆಸ್ತಿಯ ಮೇಲೆ ಎದ್ದುಕಾಣುವಂತೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಆ ಪ್ರದೇಶದಲ್ಲಿ ಸಾಕಷ್ಟು ಪ್ರಸಾರವಿರುವ ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು ಎನ್ನುತ್ತದೆ 2002ರ ನಿಯಮಾವಳಿಯ 8ನೇ ನಿಯಮ. ಕೊಪ್ಪಳ ಜಿಲ್ಲೆಗೆ ಬಾರದ ಆವೃತ್ತಿಯಲ್ಲಿ ಪ್ರಕಟಿಸಿ ಕೈ ತೊಳೆದುಕೊಂಡಿದ್ದರೆ ಅದನ್ನೂ ಅರ್ಜಿಯಲ್ಲಿ ಹೇಳಿ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ತಪ್ಪಾಗಿರುವುದೂ ಉಂಟು. ಮುದ್ರಣದೋಷವೊಂದನ್ನೇ ನಂಬಿ ಪ್ರಕರಣ ಗೆಲ್ಲಲಾಗದಿದ್ದರೂ, ಬೇರೆ ಲೋಪಗಳ ಜೊತೆಗೆ ಅದಕ್ಕೆ ಬೆಲೆ ಬರುತ್ತದೆ.

ಬ್ಯಾಂಕ್ ಮುಂದೆ ಭೌತಿಕ ಸ್ವಾಧೀನಕ್ಕಾಗಿ 14ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ನೆರವು ಕೇಳಬಹುದು. ಅಲ್ಲಿ ಹೋಗಿ ಈ ವಾದಗಳನ್ನೆಲ್ಲ ಮಾಡುತ್ತೇನೆ ಎಂದುಕೊಳ್ಳಬೇಡಿ. ಬ್ಯಾಂಕ್ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಕಾಯ್ದೆ ಕೇಳುವ ಅಂಶಗಳೆಲ್ಲ ಇವೆಯೇ ಎಂದು ನೋಡುವುದಷ್ಟೇ ಅವರ ಕೆಲಸ, ತಕರಾರು ತೀರ್ಮಾನಿಸುವುದಲ್ಲ.

ಈಗ ಹೈಕೋರ್ಟಿನ ವಿಷಯ. ರಿಟ್ ಹೊರಡಿಸುವ, ಸಂವಿಧಾನದ 226ನೇ ವಿಧಿಯ ಅಧಿಕಾರವನ್ನು ಯಾವ ಕಾಯ್ದೆಯ ಕಲಮೂ ಕಿತ್ತುಕೊಳ್ಳಲಾರದು, 34ನೇ ಕಲಮೂ ಅಷ್ಟೇ. ಅಧಿಕಾರ ಇದೆ, ಬೇರೆ ಪರಿಣಾಮಕಾರಿ ದಾರಿ ಇರುವಾಗ ಅದನ್ನು ಬಳಸಬಾರದು ಎಂಬ ಸಂಯಮವನ್ನು ಸುಪ್ರೀಂ ಕೋರ್ಟ್ 2010ರ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಿಂದ ಈಚೆಗೆ ಬಿಗಿಗೊಳಿಸುತ್ತಲೇ ಬಂದಿದೆ. ನಮ್ಮ ರಾಜ್ಯದ ಉದಾಹರಣೆಯೇ ಇದೆ. ಫೀನಿಕ್ಸ್ ಎಆರ್‌ಸಿ ಎಂಬ ಖಾಸಗಿ ಆಸ್ತಿ ಪುನರ್ರಚನಾ ಕಂಪನಿಯ ಸ್ವಾಧೀನ ಕ್ರಮದ ವಿರುದ್ಧ ವಿಶ್ವಭಾರತಿ ವಿದ್ಯಾಮಂದಿರ ಮತ್ತು ಇನ್ನೊಂದು ಶಿಕ್ಷಣ ಸಂಸ್ಥೆ ಕರ್ನಾಟಕ ಹೈಕೋರ್ಟಿಗೆ ಹೋದವು. 2015ರ ಆಗಸ್ಟ್‌ನಲ್ಲಿ ಒಂದು ಕೋಟಿ ರೂಪಾಯಿ ಕಟ್ಟುವ ಷರತ್ತಿನ ಮೇಲೆ ಯಥಾಸ್ಥಿತಿ ಆದೇಶ ಸಿಕ್ಕಿತು. ಬಾಕಿ ಸುಮಾರು 117 ಕೋಟಿಯಷ್ಟಿತ್ತು. ಆ ಮಧ್ಯಂತರ ಆದೇಶ ಆರು ವರ್ಷಕ್ಕೂ ಮೀರಿ ಮುಂದುವರಿಯಿತು. 2022ರ ಜನವರಿ 12ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ಖಾಸಗಿ ಹಣಕಾಸು ಸಂಸ್ಥೆಯ ಇಂಥ ಕ್ರಮದ ವಿರುದ್ಧ ರಿಟ್ ಅರ್ಜಿಯೇ ನಿಲ್ಲದು, ಡಿಆರ್‌ಟಿಗೆ ಹೋಗದೆ ಇಲ್ಲಿಗೆ ಬಂದದ್ದು ನ್ಯಾಯಾಲಯದ ಪ್ರಕ್ರಿಯೆಯ ದುರುಪಯೋಗ ಎಂದು ಕಟುವಾಗಿ ಹೇಳಿತು. ನಿಮ್ಮದು ಸಾರ್ವಜನಿಕ ವಲಯದ ಬ್ಯಾಂಕಾದ್ದರಿಂದ ರಿಟ್ ನಿಲ್ಲುವುದೇ ಇಲ್ಲ ಎನ್ನಲಾಗದು. ಆದರೂ ಧಾರವಾಡದ ಪೀಠ ಮೊದಲು ಕೇಳುವ ಪ್ರಶ್ನೆ, ಡಿಆರ್‌ಟಿಗೆ ಏಕೆ ಹೋಗಲಿಲ್ಲ ಎಂಬುದೇ ಆಗಿರುತ್ತದೆ. 17ನೇ ಕಲಮಿನ ಅರ್ಜಿಯನ್ನು 60 ದಿನಗಳಲ್ಲಿ, ತಡವಾದರೆ ನಾಲ್ಕು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದು ಎಷ್ಟು ಎಳೆಯುತ್ತದೆ ಎಂಬುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಸಾಲಗಾರರು ಹೈಕೋರ್ಟಿನ ಕಡೆ ಓಡುವುದಕ್ಕೆ ಅದೂ ಒಂದು ಕಾರಣ, ಮತ್ತು ಆ ದೂರಿನಲ್ಲಿ ಹುರುಳಿದೆ. ಡಿಆರ್‌ಟಿಯ ಪೀಠಾಧಿಕಾರಿ ಹುದ್ದೆ ಖಾಲಿಯಿದ್ದು ಅರ್ಜಿ ಕೇಳುವವರೇ ಇಲ್ಲದಿದ್ದರೆ ಹೈಕೋರ್ಟ್ ಮಧ್ಯಂತರ ರಕ್ಷಣೆ ನೀಡಬಹುದು. 2021ರ ಡಿಸೆಂಬರ್‌ನಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದಾಗ ಹಾಗೆ ಮಾಡುವಂತೆ ಸುಪ್ರೀಂ ಕೋರ್ಟೇ ಹೈಕೋರ್ಟುಗಳನ್ನು ಕೋರಿತ್ತು.

ಹೈಕೋರ್ಟ್ ತಾನಾಗಿ ಬ್ಯಾಂಕನ್ನು ತಡೆಯುವ ಸಂದರ್ಭಗಳು ಬೇರೆ ಬಗೆಯವು. ಖಾತೆಯನ್ನು ‘ವಂಚನೆ’ ಎಂದು ವರ್ಗೀಕರಿಸುವ ಮೊದಲು ಸಾಲಗಾರನಿಗೆ ನೋಟಿಸ್ ಕೊಟ್ಟು, ಆತನ ವಿವರಣೆ ಕೇಳಿ, ಕಾರಣಸಹಿತ ಆದೇಶ ಮಾಡಬೇಕು ಎಂದು 2023ರ ಮಾರ್ಚ್ 27ರಂದು ಭಾರತೀಯ ಸ್ಟೇಟ್ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪು ಬಂತು. ಆ ಹಣೆಪಟ್ಟಿಯ ವಿರುದ್ಧ ಹೋಗಲು ಬೇರೆ ಶಾಸನಬದ್ಧ ಮಂಡಳಿ ಇಲ್ಲ, ಆದರೆ ಪರಿಣಾಮ ಮಾತ್ರ ಘೋರ: ಯಾವ ಬ್ಯಾಂಕೂ ಮತ್ತೆ ಸಾಲ ಕೊಡುವುದಿಲ್ಲ, ಪೊಲೀಸ್ ದೂರೂ ಆಗುತ್ತದೆ. ಅಲ್ಲಿ ಸಹಜ ನ್ಯಾಯ ಮೀರಿದರೆ ರಿಟ್ ನೇರವಾದ ದಾರಿ. ನಿಯಂತ್ರಕನೇ ಮಿತಿ ಮೀರಿದಾಗಲೂ ಹಾಗೆಯೇ. ಸಂಕಷ್ಟದಲ್ಲಿರುವ ಸಾಲಗಳ ಇತ್ಯರ್ಥದ ಬಗ್ಗೆ 2018ರ ಫೆಬ್ರವರಿ 12ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ಸುತ್ತೋಲೆ ಶಾಸನ ಕೊಟ್ಟ ಅಧಿಕಾರಕ್ಕೆ ಹೊರತಾದದ್ದು ಎಂದು ಧರಣಿ ಶುಗರ್ಸ್ ಪ್ರಕರಣದಲ್ಲಿ 2019ರಲ್ಲಿ ರದ್ದಾಯಿತು. ಕ್ರಿಪ್ಟೊ ವ್ಯವಹಾರಸ್ಥರಿಗೆ ಬ್ಯಾಂಕ್ ಸೇವೆ ನಿಲ್ಲಿಸಿದ್ದ ಸುತ್ತೋಲೆ 2020ರ ಮಾರ್ಚ್ 4ರಂದು ಬಿದ್ದುಹೋಯಿತು. ನಿಮ್ಮ ತಕರಾರು ಈ ಜಾತಿಯದಲ್ಲ.

ಕ್ರಿಮಿನಲ್ ಕೇಸಿನ ಪ್ರಶ್ನೆಗೆ ಉತ್ತರ ಚಿಕ್ಕದು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಡಿಯ ಅಪರಾಧವನ್ನು, ರಿಸರ್ವ್ ಬ್ಯಾಂಕಿನ ಅಥವಾ ನಬಾರ್ಡ್‌ನ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ದೂರಿಲ್ಲದೆ ಯಾವ ನ್ಯಾಯಾಲಯವೂ ವಿಚಾರಣೆಗೆ ತೆಗೆದುಕೊಳ್ಳಬಾರದೆಂದು ಅದರ 47ನೇ ಕಲಮು ಹೇಳುತ್ತದೆ. ಅಂದರೆ ನೀವಾಗಿಯೇ ಖಾಸಗಿ ದೂರು ಹೂಡಲಾಗದು. ಉಲ್ಲಂಘನೆಗೆ ಬ್ಯಾಂಕಿನ ಮೇಲೆ ದಂಡ ವಿಧಿಸುವ ಅಧಿಕಾರ 47ಎ ಅಡಿಯಲ್ಲಿ ರಿಸರ್ವ್ ಬ್ಯಾಂಕಿಗಿದೆ. ಆ ದಂಡದಿಂದ ನಿಮ್ಮ ಗಿರಣಿ ಉಳಿಯುವುದಿಲ್ಲ. ನಷ್ಟ ಅನುಭವಿಸಿದವನ ಕೈಯಿಂದ ಕ್ರಿಮಿನಲ್ ದೂರಿನ ಹಕ್ಕನ್ನು ಹೀಗೆ ಪೂರ್ತಿ ತೆಗೆದಿಟ್ಟಿರುವುದು ನ್ಯಾಯವೇ ಎಂದು ಕೇಳಿದರೆ, ಸುಳ್ಳು ಕೇಸುಗಳ ಭಯವನ್ನು ಒಪ್ಪಿಕೊಂಡೂ, ಅಲ್ಲವೆಂದೇ ನಾನು ಹೇಳುತ್ತೇನೆ. ದಾಖಲೆ ತಿದ್ದಿದ್ದು, ಸಹಿ ನಕಲು ಮಾಡಿದ್ದು, ವಸೂಲಿಗೆ ಬಂದವರು ಬೆದರಿಸಿದ್ದು ಇದ್ದರೆ ಅದು ಸಾಮಾನ್ಯ ದಂಡ ಸಂಹಿತೆಯ ಅಪರಾಧ. ಅದಕ್ಕೆ ಪೊಲೀಸರ ಬಳಿ ಹೋಗಲು ಅಡ್ಡಿಯಿಲ್ಲ. ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವುದಾದರೆ, ನ್ಯಾಯಾಲಯದಲ್ಲೋ ನ್ಯಾಯಮಂಡಳಿಯಲ್ಲೋ ಬಾಕಿಯಿರುವ ವಿಷಯವನ್ನು ಅವರು ತೆಗೆದುಕೊಳ್ಳುವುದಿಲ್ಲ ಎಂಬುದು ನೆನಪಿರಲಿ. ಹರಾಜನ್ನು ತಡೆಯಬೇಕಾದವನಿಗೆ ಅದು ಉಪಯೋಗದ ದಾರಿಯಲ್ಲ.

ಕೊನೆಯದಾಗಿ, ಇನ್ನೊಂದು ಗಡುವಿನ ಬಗ್ಗೆ ನಿಮ್ಮ ವಕೀಲರಿಬ್ಬರೂ ಹೇಳಿದಂತಿಲ್ಲ. ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಮೊದಲು ಮಾರಾಟ ಪೂರ್ಣಗೊಳ್ಳುವವರೆಗೂ ಇತ್ತು. 2016ರಲ್ಲಿ 13(8) ತಿದ್ದುಪಡಿಯಾದ ಮೇಲೆ ಆ ಹಕ್ಕು ಹರಾಜಿನ ಪ್ರಕಟಣೆಯೊಂದಿಗೇ ಮುಗಿಯುತ್ತದೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಹರಾಜಿನ ದಿನ ಹಣದ ಚೀಲ ಹಿಡಿದು ಹೋದರೆ ಪ್ರಯೋಜನವಿಲ್ಲ. ಮಾರಾಟಕ್ಕೆ ಮೊದಲು 30 ದಿನಗಳ ನೋಟಿಸ್ ನಿಮಗೆ ಕೊಡಲೇಬೇಕು, ಅದನ್ನು ತಪ್ಪಿಸಿದರೆ ಮಾರಾಟವೇ ಪ್ರಶ್ನಾರ್ಹವಾಗುತ್ತದೆ. ಆದರೆ ಒಂದೇ ಕಂತಿನ ಇತ್ಯರ್ಥಕ್ಕೆ ಒಪ್ಪುವಂತೆ ಬ್ಯಾಂಕನ್ನು ಬಲವಂತಪಡಿಸಲು ಹೈಕೋರ್ಟಿಗೂ ಬಾರದು ಎಂದು 2021ರಲ್ಲಿ ಬಿಜ್ನೋರ್ ಅರ್ಬನ್ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ತೀರ್ಮಾನವಾಗಿದೆ. ಇತ್ಯರ್ಥದ ಮಾತುಕತೆ ನಡೆಸುವುದಿದ್ದರೆ ಅರ್ಜಿ ಸಲ್ಲಿಸಿದ ಮೇಲೆ, ಲಿಖಿತವಾಗಿ, ನನ್ನ ತಕರಾರುಗಳಿಗೆ ಬಾಧಕವಾಗದಂತೆ ಎಂಬ ಮಾತನ್ನು ಸೇರಿಸಿ ನಡೆಸಿ. ವ್ಯವಸ್ಥಾಪಕರು ನೋಡೋಣ ಅಂದಿದ್ದಾರೆ ಎಂಬ ಬಾಯಿಮಾತಿನ ಭರವಸೆಯಿಂದ ಗಡುವು ನಿಲ್ಲುವುದಿಲ್ಲ. ಈ ವಾರದಲ್ಲೇ ಎರಡೂ ಖಾತೆಗಳ ಪೂರ್ಣ ವಿವರಪಟ್ಟಿಯನ್ನು ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ, ಪಹಣಿಗಳನ್ನು ತೆಗೆಸಿ, ಅಂಟಿಸಿದ ನೋಟಿಸಿನ ಫೋಟೊವನ್ನು ದಿನಾಂಕ ಕಾಣುವಂತೆ ತೆಗೆದಿಡಿ, ಮತ್ತು ಡಿಆರ್‌ಟಿಯಲ್ಲಿ ರೂಢಿಯಿರುವ ಬೆಂಗಳೂರಿನ ವಕೀಲರೊಬ್ಬರಿಗೆ ವಕಾಲತ್ತು ಕೊಡಿ.